ಆರನೇ ಠಾಣೆ, ಉತ್ತರವಿಲ್ಲ

ನವೆಂಬರ್ ೧೨, ಸೋಮವಾರ

ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ನನ್ನ ಪೂರ್ಣ ಹೆಸರನ್ನೂ, ಅದರ ಕೆಳಗೆ ‘ನಿವೃತ್ತ ವಿಜ್ಞಾನ ಶಿಕ್ಷಕಿ, ಸೇವಾವಧಿ ಮೂವತ್ತಾರು ವರ್ಷ ನಾಲ್ಕು ತಿಂಗಳು’ ಎಂದೂ ಬರೆದು, ಶಾಯಿ ಒಣಗುವವರೆಗೆ ಕಾದು, ಪುಟ ತಿರುವಿದ್ದೇನೆ. ಇದನ್ನು ಯಾರೂ ಓದುವುದಿಲ್ಲ. ಆದರೂ ಯಾರ ಪುಸ್ತಕ ಎಂದು ತಿಳಿಯದ ಪುಸ್ತಕ ನನ್ನ ಮೇಜಿನ ಮೇಲೆ ಇರಬಾರದು.

ನಾದಿನಿ ಮೆಟ್ಟಿಲಿನಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಾಳೆ. ಪೇಟೆಯ ಆಸ್ಪತ್ರೆಯಲ್ಲಿ ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದಾರೆ. ಹತ್ತೊಂಬತ್ತು ವರ್ಷ ಅವಳು ಕುಳಿತ ಕುರ್ಚಿಯಲ್ಲಿ ಇಂದಿನಿಂದ ನಾನು. ಬೆಟ್ಟದ ತುದಿಯಲ್ಲಿ ಎರಡು ಕೋಣೆ: ಒಂದರಲ್ಲಿ ನಾನು, ಮೈಕು, ದಾಖಲೆ ಪುಸ್ತಕ; ಇನ್ನೊಂದರಲ್ಲಿ ರಿಪೀಟರ್ ಎಂಬ ಯಂತ್ರ. ಕೆಳಗೆ ಸರೋವರ, ಅದರ ಸುತ್ತ ಆರು ಠಾಣೆಗಳು. ಅಲ್ಲಿನವರ ಕೈಯಲ್ಲಿರುವ ವೈರ್‌ಲೆಸ್ ಸೆಟ್ಟುಗಳ ಮಾತು ಬೆಟ್ಟಗಳನ್ನು ದಾಟಲಾರದು. ಯಂತ್ರ ಎತ್ತರದಲ್ಲಿ ಕುಳಿತು ಅದನ್ನು ಹಿಡಿದು, ಅದೇ ಕ್ಷಣದಲ್ಲಿ ಗಟ್ಟಿ ದನಿಯಲ್ಲಿ ಎಲ್ಲರಿಗೂ ಮರಳಿ ಹೇಳುತ್ತದೆ. ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ ನಾನು ಹಾಜರಿ ಕೂಗಬೇಕು. ಠಾಣೆಗಳು ವರದಿ ಹೇಳಬೇಕು. ತರಗತಿಗಿಂತ ಭಿನ್ನವಾದದ್ದೇನೂ ಇಲ್ಲ.

ಹೊರಡುವ ಮೊದಲು ನಾದಿನಿ ಸ್ಟ್ರೆಚರಿನ ಮೇಲಿಂದಲೇ ಹೇಳಿದಳು: “ಅತ್ತಿಗೆ, ಅವರೇನು ನಿಮ್ಮ ಏಳನೇ ಕ್ಲಾಸಿನ ಮಕ್ಕಳಲ್ಲ. ಕಿವಿ ಹಿಂಡೋಕೆ ಕೈ ಅಲ್ಲೀವರೆಗೆ ಹೋಗಲ್ಲ, ನೆನಪಿರಲಿ.”

ಆರನೇ ಠಾಣೆ ದ್ವೀಪದ ಆರೋಗ್ಯ ಕೇಂದ್ರ; ಅಲ್ಲಿಗೆ ಫೋನ್ ಇಲ್ಲ. ಅಲ್ಲಿ ನರ್ಸ್ ಆಗಿರುವವಳು ನನ್ನ ತಂಗಿ. ನಾಲ್ಕು ವರ್ಷದಿಂದ ನಮಗೆ ಮಾತಿಲ್ಲ. ಇದನ್ನು ಬರೆಯುವ ಅಗತ್ಯವಿರಲಿಲ್ಲ; ಬರೆದಾಯಿತು.

ನವೆಂಬರ್ ೧೩, ಮಂಗಳವಾರ

ಯಂತ್ರ ನೋಡಿಕೊಳ್ಳುವವರು ಬಂದಿದ್ದರು. ಗೋಪುರ ಹತ್ತಿ ಇಳಿಯುವುದೇ ಅವರ ಬದುಕಾದ್ದರಿಂದ ಎಲ್ಲರೂ ಅವರನ್ನು ಕಂಬದಣ್ಣ ಎನ್ನುತ್ತಾರೆ. ಐವತ್ತರ ಆಸುಪಾಸು, ಬೆರಳಿನ ತುದಿಗಳಲ್ಲಿ ಬೆಸುಗೆಯ ಕಲೆ.

ಗಾಳಿಯಲ್ಲಿ ಸದಾ ಒಂದು ಸೊಂಯ್ ಎಂಬ ಸದ್ದು ಇರುತ್ತದೆಯಂತೆ. ಯಾರೂ ಮಾತಾಡದಿದ್ದಾಗ ಯಂತ್ರ ಆ ಸದ್ದನ್ನೇ ಕೇಳಿಸುತ್ತದೆ. ಅದನ್ನು ತಡೆಯುವ ತಿರುಪೊಂದಿದೆ. ಅವರು ಸ್ಕ್ವೆಲ್ಚ್ ಎನ್ನುತ್ತಾರೆ. ನಾನು ಸದ್ದುಬಾಗಿಲು ಎಂದು ಬರೆದುಕೊಂಡೆ. ನಿಗದಿತ ಬಲಕ್ಕಿಂತ ಹೆಚ್ಚಿನ ಮಾತು ಬಂದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಮುಚ್ಚಿರುತ್ತದೆ. ಸರಳ ತತ್ತ್ವ.

“ಸದ್ದು ನಿಂತ ಮೇಲೆ ಇನ್ನೊಂದು ಕೂದಲೆಳೆ ತಿರುಗಿಸಬೇಕು. ಅಷ್ಟೇ ಟೀಚರಮ್ಮ. ಜಾಸ್ತಿ ಬೇಡ,” ಎಂದರು. ಮುಳ್ಳು ಮೂರರ ಮೇಲಿತ್ತು.

“ಆದರೂ ಆಗಾಗ ಸೊಂಯ್ ಎನ್ನುತ್ತಿದೆಯಲ್ಲ?”

“ಅಂತದೆ. ಮಂಜು, ಮಿಂಚು, ಯಾರದೋ ಮೋಟಾರು. ನಿಮ್ಮ ನಾದಿನಿ ಅದನ್ನ ಕೇಳ್ತಾನೇ ಸ್ವೆಟರ್ ಹೆಣೀತಾರೆ.”

ಅವಳ ಹೆಣಿಗೆಯ ಲೆಕ್ಕ ತಪ್ಪುವುದು ಏಕೆಂದು ಈಗ ತಿಳಿಯಿತು. ಕಂಬದಣ್ಣ ಬೇರೆ ಬೆಟ್ಟಗಳ ಯಂತ್ರಗಳಿಗೆ ಹೊರಟರು. ಒಂದು ತಿಂಗಳಾದೀತಂತೆ.

ನವೆಂಬರ್ ೧೪, ಬುಧವಾರ

ಹಾಜರಿಯ ವೇಳೆ ನಾಲ್ಕು ಬಾರಿ ಸದ್ದು ನುಗ್ಗಿತು. ಸಂಜೆ ತಂಗಿಯ ವರದಿ ಆ ಸದ್ದಿನೊಳಗೆ ಅರ್ಧ ಮುಳುಗಿಯೇ ಬಂತು. “ಆರು ಮಾತಾಡ್ತಿದೆ” ಎಂದಳು, ನಾಲ್ಕು ವರ್ಷಗಳ ನಂತರ ನನಗೆ ಬಿಡಿಯಾಗಿ ತಿಳಿದ ಅವಳ ಮೊದಲ ಮಾತು; ಹಿಂದಿನ ಎರಡು ದಿನ ಅವಳ ದನಿ ಸದ್ದಿನಲ್ಲಿಯೇ ಕರಗಿತ್ತು. ಉಳಿದದ್ದು ಅರ್ಥವಾಗಲಿಲ್ಲ. “ಸ್ಪಷ್ಟವಾಗಿ ಹೇಳಿ” ಎಂದೆ. “ಮುಗೀತು” ಎಂದಳು.

ತರಗತಿಯಲ್ಲಿ ಗಂಟೆ ಹೊಡೆಯುವ ಮೊದಲಿನ ಗುಜುಗುಜು ನೆನಪಾಯಿತು. ಅದನ್ನು ನಿಲ್ಲಿಸಲು ನಾನು ಎಂದೂ ಕೂಗಿದವಳಲ್ಲ. ಅಡಿಕೋಲಿನಿಂದ ಮೇಜಿನ ಮೇಲೆ ಒಂದು ಏಟು. ಇಂದು ಒಳಗಿನ ಕೋಣೆಗೆ ಹೋಗಿ ಚಿಕ್ಕ ತಿರುಪುಳಿಯಿಂದ ಮುಳ್ಳನ್ನು ಮೂರರಿಂದ ಏಳಕ್ಕೆ ತಿರುಗಿಸಿದೆ. ಆ ಕ್ಷಣವೇ ನಿಶ್ಶಬ್ದ. ತೊಳೆದಿಟ್ಟ ಕರಿಹಲಗೆಯಂತಹ ನಿಶ್ಶಬ್ದ.

ನವೆಂಬರ್ ೧೫, ಗುರುವಾರ

ಒಂದರಿಂದ ಐದರವರೆಗೆ ಎಲ್ಲರೂ ಗಂಟೆ ಬಾರಿಸಿದಂತೆ ಬಂದರು. ಐದನೆಯದು ದೋಣಿಕಟ್ಟೆ. ಅಲ್ಲಿನ ದೋಣಿಯವನಿಗೆ ಬಾಯಿ ಜಾಸ್ತಿ.

“ಐದು ಮಾತಾಡ್ತಿದೆ. ಮಂಜು ಎಷ್ಟಿದೆ ಅಂದ್ರೆ ನನ್ನ ಮೂಗು ನನಗೇ ಕಾಣ್ತಿಲ್ಲ ಟೀಚರೇ.”

“ಮೂಗಿನ ವರದಿ ಬೇಡ. ನೀರಿನ ಮಟ್ಟ ಹೇಳಿ.”

“ಮೂಗಿನವರೆಗೆ ಬಂದಿಲ್ಲ, ಇನ್ನೂ ಕೆಳಗಿದೆ.”

ಆರು: ಉತ್ತರವಿಲ್ಲ. ಮೂರು ಬಾರಿ ಕರೆದೆ. “ಆರು, ಉತ್ತರವಿಲ್ಲ” ಎಂದು ನಿಯಮದಂತೆ ಮೈಕಿನಲ್ಲಿ ಹೇಳಿ, ದಾಖಲೆ ಪುಸ್ತಕದಲ್ಲಿ ಹಾಗೆಯೇ ಬರೆದೆ. ಸಂಜೆಯೂ ಉತ್ತರವಿಲ್ಲ.

ನವೆಂಬರ್ ೧೮, ಭಾನುವಾರ

ಆರು: ಉತ್ತರವಿಲ್ಲ.

ನಿನ್ನೆ ದೋಣಿಯವನು ದ್ವೀಪಕ್ಕೆ ಔಷಧಿ ಒಯ್ದು ಬಂದ. ನರ್ಸಮ್ಮ ಚೆನ್ನಾಗಿದ್ದಾರೆ, ಕೇಂದ್ರದ ಮುಂದೆ ನಿಂತು ಬಟ್ಟೆ ಹಿಂಡುತ್ತಿದ್ದರು, ಸೆಟ್ಟು ಕಿಟಕಿಯಲ್ಲಿ ಕೆಂಪು ದೀಪ ಉರಿಸಿಕೊಂಡು ಕುಳಿತಿತ್ತು ಎಂದು ವರದಿ ಮಾಡಿದ. ಮಂಜು ಕವಿಯುವ ಮೊದಲು ಮರಳಬೇಕೆಂದು ಮಾತಿಗೆ ನಿಲ್ಲಲಿಲ್ಲವಂತೆ. ಮಂಜು ಹೆಚ್ಚಿರುವುದರಿಂದ ಮುಂದಿನ ದೋಣಿ ಯಾವಾಗಲೋ ಗೊತ್ತಿಲ್ಲ.

ಹಾಗಾದರೆ ಯಂತ್ರ ಸರಿಯಾಗಿದೆ, ಅವಳೂ ಸರಿಯಾಗಿದ್ದಾಳೆ. ನನ್ನ ದನಿ ಕೇಳಿದ್ದರಿಂದ ಉತ್ತರ ಕೊಡುತ್ತಿಲ್ಲ. “ಸ್ಪಷ್ಟವಾಗಿ ಹೇಳಿ” ಎಂದದ್ದಕ್ಕೆ ಇಷ್ಟು ಕೋಪ. ಅಮ್ಮ ತೀರಿಕೊಂಡಾಗಲೂ ಹೀಗೆಯೇ. ಒಂದು ದಿನ ತಡವಾಗಿ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನಾನು ಎಲ್ಲರೆದುರು, “ನಿನಗೆ ಯಾವತ್ತು ಸಮಯಕ್ಕೆ ಸರಿಯಾಗಿ ಬರೋಕೆ ಗೊತ್ತಿತ್ತು?” ಎಂದೆ. ದೋಣಿ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೆ ಹೇಳಬೇಕಾದ ಮಾತನ್ನು ಅವಳೇ ಬಂದು ಕೇಳಲಿ ಎಂದು ಕಾದೆ. ಅವಳು ನಾನು ಹೇಳಲಿ ಎಂದು ಕಾದಿರಬೇಕು. ಇಬ್ಬರಿಗೂ ಒಂದೇ ತಾಯಿಯ ಹಟ.

ನವೆಂಬರ್ ೨೪, ಶನಿವಾರ

ಆರು: ಉತ್ತರವಿಲ್ಲ.

ಮಂಜು ಕಿಟಕಿಗೆ ಅಂಟಿಕೊಂಡಿದೆ. ಸರೋವರ, ದಂಡೆ, ದೋಣಿಕಟ್ಟೆ ಎಲ್ಲವನ್ನೂ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದಾರೆ. ಮಧ್ಯಾಹ್ನ ಕುರ್ಚಿಯಲ್ಲಿಯೇ ಕಣ್ಣು ಮುಚ್ಚಿತು. ಕನಸಿನಲ್ಲಿ ಉದ್ದನೆಯ ತರಗತಿ. ಕೊನೆಯ ಬೆಂಚು ಮಂಜಿನೊಳಗೆ ಹೋಗಿತ್ತು. ಅಲ್ಲಿಂದ ಒಂದು ಕೈ ಮೇಲೆದ್ದಿತ್ತು. ಯಾರ ಕೈ ಎಂದು ಕೇಳಲು ಹೋದರೆ ನನ್ನ ಬಾಯಲ್ಲಿ ಅಡಿಕೋಲಿನ ಸದ್ದು ಬರುತ್ತಿತ್ತು.

ಎಚ್ಚರವಾದಾಗ ಕೋಣೆ ಅಷ್ಟೇ ನಿಶ್ಶಬ್ದ. ಮೀಟರಿನ ಸೂಜಿ ಸೊನ್ನೆಯ ಮೇಲೆ ಮಲಗಿತ್ತು.

ಡಿಸೆಂಬರ್ ೧, ಶನಿವಾರ

ಉತ್ತರವಿಲ್ಲ. ಉತ್ತರವಿಲ್ಲ.

ಡಿಸೆಂಬರ್ ೫, ಬುಧವಾರ

ನಾನು ವಾರಕ್ಕೊಮ್ಮೆ ದಾಖಲೆಯ ಸಾರಾಂಶ ಕಳುಹಿಸುವ ಪೇಟೆಯ ಕಚೇರಿಯಿಂದ ಪತ್ರ. ‘ಮೂರು ವಾರಗಳಿಂದ ವರದಿ ನೀಡದ ಆರನೇ ಠಾಣೆಯ ನರ್ಸ್ ಮೇಲೆ ಕರ್ತವ್ಯಲೋಪದ ಕ್ರಮ ಕೈಗೊಳ್ಳುವ ಬಗ್ಗೆಯೂ, ಸಂಪರ್ಕವಿಲ್ಲದ ಠಾಣೆಯನ್ನು ಮುಚ್ಚುವ ಬಗ್ಗೆಯೂ ಇಪ್ಪತ್ತನೇ ತಾರೀಖಿನಂದು ನಿರ್ಧರಿಸಲಾಗುವುದು. ತಮ್ಮ ಅತ್ಯಂತ ಅಚ್ಚುಕಟ್ಟಾದ ದಾಖಲೆಯೇ ಇದಕ್ಕೆ ಆಧಾರವಾಗಿರುವುದರಿಂದ ದೃಢೀಕೃತ ಪ್ರತಿ ಕಳುಹಿಸಿಕೊಡಿ.’

ದ್ವೀಪದಲ್ಲಿ ಹನ್ನೊಂದು ಮನೆಗಳಿವೆ. ಕೇಂದ್ರ ಮುಚ್ಚಿದರೆ ಒಂದು ಜ್ವರಕ್ಕೂ ದೋಣಿಗಾಗಿ ಕಾಯಬೇಕು. ಅದು ಅವಳು ಯೋಚಿಸಬೇಕಾದ ವಿಷಯವಾಗಿತ್ತು.

ಪ್ರತಿ ಮಾಡಿ, ಪ್ರತಿ ಪುಟದ ಕೆಳಗೆ ‘ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ. ಮೂವತ್ತಾರು ವರ್ಷಗಳಲ್ಲಿ ನಾನು ಕೊಟ್ಟ ಅಂಕವನ್ನು ಒಮ್ಮೆಯೂ ತಿದ್ದಿದವಳಲ್ಲ. ನಾಳೆ ಅಂಚೆಗೆ ಹೋಗುತ್ತದೆ.

‘ಅತ್ಯಂತ ಅಚ್ಚುಕಟ್ಟಾದ’ ಎಂಬ ಮಾತನ್ನು ಎರಡು ಬಾರಿ ಓದಿದೆ.

ಡಿಸೆಂಬರ್ ೮, ಶನಿವಾರ

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಸಂಜೆ ಐದರ ವರದಿ. ದೋಣಿಯವನು ಎಂದಿನಂತೆ ಹರಟಿ, “ಮುಗೀತು” ಎಂದು ಗುಂಡಿ ಬಿಟ್ಟ. ಪ್ರತಿ ಮಾತಿನ ಕೊನೆಯಲ್ಲಿ ಬಾಗಿಲು ಮುಚ್ಚುವ ಮೊದಲು ಸೊಂಯ್ ಎಂಬ ಒಂದು ಚೂರು ಕೇಳಿಸುತ್ತದೆ. ಕಂಬದಣ್ಣ ಅದನ್ನು ಬಾಲ ಎಂದಿದ್ದರು. ಇಂದು ಆ ಬಾಲ ತುಂಡಾಗಲಿಲ್ಲ. ಉದ್ದವಾಯಿತು. ಅದರೊಳಗಿನಿಂದ, ನೀರಿನಡಿಯಿಂದ ಮೇಲೆ ಬರುವಂತೆ: “…ಹೆರಿಗೆ ಆಯ್ತು, ತಾಯಿ ಮಗು…” ಆಮೇಲೆ ಬಾಗಿಲು ಮುಚ್ಚಿತು.

ನಾನು ಕೂಡಲೇ “ಆರು” ಎಂದು ಕರೆದೆ. ನಿಶ್ಶಬ್ದ. ಮತ್ತೆ ಕರೆದೆ.

ದಾಖಲೆ ಪುಸ್ತಕದಲ್ಲಿ ಏನು ಬರೆಯುವುದು? ಕರೆದಾಗ ಬಂದದ್ದು ಮಾತ್ರ ಉತ್ತರ. ಇದು ಕರೆಯುವ ಮೊದಲು ಬಂದಿತು, ಅರ್ಧ ಬಂದಿತು, ನನಗೆ ಮಂಪರು ಇದ್ದಿರಲೂ ಸಾಕು. ‘ಉತ್ತರವಿಲ್ಲ’ ಎಂದು ಬರೆದೆ.

ಚಿಕ್ಕವಳಿದ್ದಾಗ ಅವಳು ನಿದ್ದೆಯಲ್ಲಿ ಮಾತಾಡುತ್ತಿದ್ದಳು. ಒಂದೇ ಹೊದಿಕೆಯಡಿ ಮಲಗಿ ನಾನು ಅದಕ್ಕೆಲ್ಲ ಉತ್ತರ ಕೊಡುತ್ತಿದ್ದೆ. ಬೆಳಿಗ್ಗೆ ಅವಳಿಗೆ ಯಾವುದೂ ನೆನಪಿರುತ್ತಿರಲಿಲ್ಲ, ನನಗೆ ಇರುತ್ತಿತ್ತು.

ಡಿಸೆಂಬರ್ ೯, ಭಾನುವಾರ

ಬೆಳಿಗ್ಗೆ ಮತ್ತೆ. ದೋಣಿಯವನ ಬಾಲ ಹಿಡಿದುಕೊಂಡು ಬಂದಳು. “ಆರು ಮಾತಾಡ್ತಿದೆ, ಆರು ಮಾತಾಡ್ತಿದೆ.” ಸಂದೇಹವಿಲ್ಲ. ಅವಳದೇ ದನಿ.

ಮತ್ತೂ ‘ಉತ್ತರವಿಲ್ಲ’ ಎಂದೇ ಬರೆದೆ. ಲೇಖನಿ ಅಭ್ಯಾಸದಿಂದ ಬರೆಯಿತು ಎನ್ನಬಹುದು. ಈ ಪುಸ್ತಕದಲ್ಲಿ ಹಾಗೆ ಎನ್ನಲಾರೆ. ಸಹಿ ಹಾಕಿದ ಪ್ರತಿ ಅಂಚೆಯಲ್ಲಿದೆ.

ಮಧ್ಯಾಹ್ನ ನಾದಿನಿಯನ್ನು ಆಸ್ಪತ್ರೆಯಿಂದ ಕರೆತಂದು ಪಕ್ಕದ ಮಂಚದಲ್ಲಿ ಮಲಗಿಸಿದರು. ದಿಂಬು ಸರಿಪಡಿಸುತ್ತಿದ್ದಂತೆ ಅವಳು ತಲೆ ಎತ್ತಿದಳು.

“ಇದೇನು ಅತ್ತಿಗೆ, ಇಷ್ಟು ಮೌನ? ಯಂತ್ರ ಸತ್ತುಹೋಯ್ತಾ?”

“ಸತ್ತಿಲ್ಲ. ಶಿಸ್ತಾಗಿದೆ.”

“ಶಿಸ್ತಾ? ಆರು ಹೇಗೆ ಬರ್ತಿದೆ ಮತ್ತೆ? ಅದು ಯಾವತ್ತೂ ಸೊಂಯ್ ಅನ್ನೋದರ ಒಳಗಿಂದಾನೇ ಬರೋದು. ನಾನು ಹೆಣಿಗೆ ಸೂಜಿ ಕೆಳಗಿಟ್ಟು, ಉಸಿರು ಹಿಡಿದು ಕೇಳ್ತಿದ್ದೆ.”

“ಬರುತ್ತಿಲ್ಲ” ಎಂದೆ.

“ಎಷ್ಟು ದಿನದಿಂದ?”

ನಾನು ದಿಂಬನ್ನು ಮತ್ತೊಮ್ಮೆ ಸರಿಪಡಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಹತ್ತೊಂಬತ್ತು ವರ್ಷ ಸದ್ದಿನೊಳಗೆ ಮಾತು ಹುಡುಕಿದವಳಿಗೆ ನನ್ನ ಮೌನದಲ್ಲಿ ಹುಡುಕುವುದು ಕಷ್ಟವಾಗಲಿಲ್ಲ.

“ಯಾವ ನಂಬರಿಗೆ ತಿರುಗಿಸಿದ್ರಿ?”

“ಏಳು.”

“ಅಯ್ಯೋ ನಮ್ಮಪ್ಪ,” ಎಂದು ಗೋಡೆಯ ಕಡೆ ಹೊರಳಲು ಹೋಗಿ, ಕಾಲು ನೆನಪಾಗಿ, ಅಲ್ಲಿಗೇ ನಿಲ್ಲಿಸಿದಳು. ಇಡೀ ಸಂಜೆ ಮಾತಾಡಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಡಿಸೆಂಬರ್ ೧೦, ಸೋಮವಾರ

ನಾನು ತಿರುಪುಳಿ ಹಿಡಿದು ಯಂತ್ರದ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಸುಮ್ಮನೆ ಮೂರಕ್ಕೆ ತಿರುಗಿಸಿಬಿಡಬಹುದಿತ್ತು. ಆರು ಬರುತ್ತಿತ್ತು. ‘ಇಂದಿನಿಂದ ಉತ್ತರಿಸುತ್ತಿದೆ’ ಎಂದು ಬರೆದರೆ ಸಾಕಿತ್ತು. ತಪ್ಪು ದ್ವೀಪದಲ್ಲಿಯೇ ಉಳಿಯುತ್ತಿತ್ತು. ಕೈ ತಿರುಪಿನ ಮೇಲೆ ಇಟ್ಟೆ. ತೆಗೆದೆ. ಕಂಬದಣ್ಣನಿಗೆ ಫೋನ್ ಮಾಡಿದೆ. ಪಕ್ಕದ ಬೆಟ್ಟದಲ್ಲಿಯೇ ಇದ್ದರು, ಮಧ್ಯಾಹ್ನಕ್ಕೆ ಬಂದರು.

“ಮೊದಲು ಇದ್ದಂತೆಯೇ ಅಳೆಯಿರಿ. ಬರೆದುಕೊಡಿ. ಆಮೇಲೆ ಮುಟ್ಟಿ” ಎಂದೆ.

ಅವರು ಅಳತೆಯ ಪೆಟ್ಟಿಗೆಯಿಂದ ಯಂತ್ರದ ಕಿವಿಗೆ ಸಣ್ಣ ಸಣ್ಣ ಸದ್ದು ಬಿಟ್ಟು ನೋಡಿದರು. ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮಕ್ಕಳಿಗೆ ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೆ.

“ನೋಡಿ ಟೀಚರಮ್ಮ, ಕಿವಿಗೇನೂ ಆಗಿಲ್ಲ. ಕಾಲು ಮೈಕ್ರೋವೋಲ್ಟನ್ನೂ ಕೇಳುತ್ತೆ. ಆದರೆ ನಿಮ್ಮ ಬಾಗಿಲು ಒಂದೂವರೆ ಆಗೋವರೆಗೂ ತೆರೆಯೋದೇ ಇಲ್ಲ. ಒಂದು ಸಲ ತೆರೆದ್ರೆ ಮಾತ್ರ ಮುಕ್ಕಾಲಿಗೆ ಇಳಿಯೋವರೆಗೂ ಮುಚ್ಚಲ್ಲ. ತೆರೆಯೋಕೆ ಹೆಚ್ಚು ಬೇಕು, ತೆರೆದುಕೊಂಡೇ ಇರೋಕೆ ಕಡಿಮೆ ಸಾಕು. ಇದರ ಸ್ವಭಾವಾನೇ ಹಾಗೆ.”

“ಆರನೇ ಠಾಣೆ ಎಷ್ಟು?”

“ಒಂದರ ಹತ್ತಿರ. ತಾನಾಗಿ ತೆರೆಸಲಾರದು. ಬೇರೆಯವರು ತೆರೆದ ಬಾಗಿಲಲ್ಲಿ ನುಸುಳಬೇಕು. ಅಷ್ಟು ದೂರದಲ್ಲಿ ಕೂತು ಅದನ್ನ ಕಂಡುಹಿಡಿದಿದ್ದಾರೆ ಅಂದ್ರೆ ಗಟ್ಟಿಗಿತ್ತಿ.” ಕಂಬದಣ್ಣ ತಿರುಪುಳಿಯನ್ನು ನನ್ನ ಕಡೆ ಚಾಚಿದರು. “ನೀವೇ ತಿರುಗಿಸ್ತೀರಾ?”

ತಿರುಗಿಸಿದೆ. ಏಳು, ಆರು, ಐದು. ಮೂರು ದಾಟುತ್ತಿದ್ದಂತೆ ಆ ಸದ್ದು ಮೆಲ್ಲನೆ ಒಳಗೆ ಬಂತು, ಕೋಣೆಯ ಮೂಲೆಗಳನ್ನೆಲ್ಲ ತುಂಬಿತು. ಅಲ್ಲಿಯೇ ನಿಲ್ಲಿಸಿದೆ. “ಇಷ್ಟು ಸದ್ದು ಇರಲಿ ಬಿಡಿ” ಎಂದೆ. ಪಕ್ಕದ ಮಂಚದಿಂದ ನಾದಿನಿ ಕೆಮ್ಮಿದಳು, ಅದು ಕೆಮ್ಮಾಗಿರಲಿಲ್ಲ, ನಗು.

ಸಂಜೆ ಐದು. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ನಾನು ಕರೆಯಲು ಬಾಯಿ ತೆರೆದವಳು ಕರೆಯಲಿಲ್ಲ. ಸದ್ದನ್ನೇ ಕೇಳುತ್ತಾ ಕುಳಿತೆ. ದೂರದ ನೀರಿನ ಮೇಲೆ ಸಣ್ಣ ಮಳೆ ಬೀಳುತ್ತಿರುವಂತೆ. ಇಡೀ ಶಾಲೆ ಒಟ್ಟಿಗೆ ಪಿಸುಗುಟ್ಟುತ್ತಿರುವಂತೆ. ಅದರೊಳಗೆ ಒಂದು ಎಳೆ ಬೇರೆಯಾಯಿತು.

“ಆರು ಮಾತಾಡ್ತಿದೆ. ಜ್ವರ ಇಬ್ಬರಿಗೆ. ಮೊನ್ನೆ ಹುಟ್ಟಿದ ಮಗು ಹಾಲು ಕುಡೀತಿದೆ. ಔಷಧಿ ಒಂದು ವಾರಕ್ಕೆ ಸಾಕು. ಮುಗೀತು.”

“ಕೇಳಿಸಿತು” ಎಂದೆ.

ಬಹಳ ಹೊತ್ತು ಸೊಂಯ್ ಎಂಬುದಷ್ಟೇ.

“…ಕೇಳಿಸ್ತಾ?”

“ಕೇಳಿಸಿತು. ತಪ್ಪು ನನ್ನ ಕಡೆಯದು. ಬಾಗಿಲನ್ನು ಬಿಗಿ ಮಾಡಿದ್ದೆ.”

“ನೀನು ಉತ್ತರವಿಲ್ಲ ಅನ್ನೋದು ನನಗೆ ದಿನಾ ಕೇಳಿಸ್ತಿತ್ತು ಅಕ್ಕ. ಎರಡು ಹೊತ್ತೂ. ಬೇಕಂತಲೇ ಅಂತಿದೀಯ ಅಂದ್ಕೊಂಡೆ.”

ದೋಣಿಯವನು ನಡುವೆ ನುಗ್ಗಿ, “ಐದು ಮಾತಾಡ್ತಿದೆ, ನಾನು ಕಿವಿ ಮುಚ್ಕೊಂಡಿದ್ದೀನಿ, ನೀವು ಮಾತಾಡಿ” ಎಂದ. ಐದು ಠಾಣೆಗಳು ಕೇಳುತ್ತಿದ್ದುದರಿಂದ ನಾನು ಹೆಚ್ಚು ಮಾತಾಡಲಿಲ್ಲ. ಅಂದು ದೋಣಿ ಇರಲಿಲ್ಲವೆಂದು ನನಗೆ ಗೊತ್ತು, ನಾನು ಹಾಗೆ ಹೇಳಬಾರದಿತ್ತು ಎಂದಷ್ಟೇ ಹೇಳಿದೆ.

“ಯಾವಾಗಿಂದ ಗೊತ್ತು?”

“ನಾಲ್ಕು ವರ್ಷದಿಂದ.”

“ಸರಿ,” ಎಂದಳು. “ಬೆಳಿಗ್ಗೆ ಏಳಕ್ಕೆ ಬರ್ತೀನಿ. ಮುಗೀತು.”

ಡಿಸೆಂಬರ್ ೧೨, ಬುಧವಾರ

ನಾದಿನಿಗೆ ಉಣ್ಣೆಯ ಉಂಡೆ ಸುತ್ತಿಕೊಡುತ್ತಾ ಕುಳಿತಿದ್ದೆ. ಒಂದನೆಯ ಠಾಣೆಯ ಮುದುಕ ಕಾವಲುಗಾರನ ಮಾತಿಗೆ ಒಂದು ಕೊನೆ ಎಂಬುದಿಲ್ಲ. ಮುಗಿಸಲಿ ಎಂದು ಬಿಟ್ಟೆ. ಅವನ ಮೇಕೆಯ ಹೆಸರು ಈಗ ನನಗೆ ಗೊತ್ತು.

ಡಿಸೆಂಬರ್ ೧೫, ಶನಿವಾರ

ಮಂಜು ಹರಿಯಿತು, ದೋಣಿ ಹೋಗಿ ಬಂತು. ನಾನು ಕೇಳಿದಂತೆ ತಂಗಿ ತನ್ನ ವರದಿಯ ನೋಟುಪುಸ್ತಕ ಕಳುಹಿಸಿದ್ದಾಳೆ. ಪ್ರತಿ ದಿನ, ಎರಡು ಹೊತ್ತು, ಗಂಟೆ ನಿಮಿಷ ಸಮೇತ, ಏನು ಹೇಳಿದಳೋ ಅದೆಲ್ಲ. ಒಂದು ದಿನವೂ ಬಿಟ್ಟಿಲ್ಲ. ಯಾರೂ ಉತ್ತರಿಸದ ಮೈಕಿನ ಮುಂದೆ ಇಪ್ಪತ್ತೈದು ದಿನ ಹೀಗೆ ನಿಂತಿದ್ದಾಳೆ.

ಕಚೇರಿಗೆ ಪತ್ರ ಬರೆಯಬೇಕು. “ಯಂತ್ರದೋಷ ಅಂತ ಬರೀರಿ ಅತ್ತಿಗೆ, ಕಚೇರಿಯವರು ಒಪ್ಪಿಕೊಳ್ತಾರೆ, ನಿಮ್ಮ ಹೆಸರೂ ಉಳಿಯುತ್ತೆ” ಎಂದಳು ನಾದಿನಿ.

“ಯಂತ್ರದಲ್ಲಿ ದೋಷವಿರಲಿಲ್ಲ” ಎಂದೆ.

ಡಿಸೆಂಬರ್ ೧೬, ಭಾನುವಾರ

ಮೂರು ಕರಡು ಹರಿದೆ. ನಾಲ್ಕನೆಯದರ ಪ್ರತಿಯನ್ನು ಇಲ್ಲಿ ಬರೆದಿಡುತ್ತೇನೆ. ಹೆಸರು, ಸೇವಾವಧಿ ಮೇಲ್ಗಡೆ ಎಂದಿನಂತೆ ಬರೆಯಲು ಹೋಗಿ, ಹೆಸರನ್ನಷ್ಟೇ ಬರೆದೆ.

‘ಮಾನ್ಯರೇ, ಆರನೇ ಠಾಣೆ ಒಂದು ಹೊತ್ತೂ ತಪ್ಪದೆ ವರದಿ ನೀಡಿದೆ. ಯಂತ್ರ ನೋಡಿಕೊಳ್ಳುವವರ ಸೂಚನೆಯನ್ನು ಮೀರಿ ಸದ್ದುಬಾಗಿಲನ್ನು ಬಿಗಿಗೊಳಿಸಿದವಳು ನಾನು. ನಾನು ದೃಢೀಕರಿಸಿ ಕಳುಹಿಸಿದ ಪ್ರತಿ ಮೂಲದೊಂದಿಗೆ ಸರಿಯಿದೆ, ಮೂಲವೇ ತಪ್ಪು. ಕರ್ತವ್ಯಲೋಪದ ಕ್ರಮ ಕೈಗೊಳ್ಳಬೇಕಾದಲ್ಲಿ ಅದು ನನ್ನ ಮೇಲೆ ಆಗತಕ್ಕದ್ದು. ಠಾಣೆಯನ್ನು ಮುಚ್ಚಲು ಕಾರಣವಿಲ್ಲ. ಅದು ಇಂದು ಬೆಳಿಗ್ಗೆ ಏಳು ಗಂಟೆಗೂ ಮಾತಾಡಿತು.

ಲಗತ್ತುಗಳು:

೧. ಮೂಲ ದಾಖಲೆ ಪುಸ್ತಕ. ಐವತ್ತೊಂದು ಕಡೆ ‘ಉತ್ತರವಿಲ್ಲ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ನಲವತ್ತೊಂಬತ್ತು ಕಡೆ ‘ನನಗೆ ಕೇಳಿಸಲಿಲ್ಲ’ ಎಂದೂ, ಎರಡು ಕಡೆ ‘ಕೇಳಿಸಿತು, ಬರೆಯಲಿಲ್ಲ’ ಎಂದೂ ತಿದ್ದಿದ್ದೇನೆ. ಪ್ರತಿ ತಿದ್ದುಪಡಿಗೂ ಸಹಿ ಇದೆ.

೨. ತಿರುಪನ್ನು ಬದಲಿಸುವ ಮೊದಲಿನ ಮತ್ತು ನಂತರದ ಅಳತೆ ಪಟ್ಟಿ, ಒಂದು ಹಾಳೆ.

೩. ಆರನೇ ಠಾಣೆಯ ನರ್ಸ್ ತಮ್ಮ ಕೈಯಿಂದ ಬರೆದ ವರದಿಯ ನೋಟುಪುಸ್ತಕ. ಇದರಲ್ಲಿ ನವೆಂಬರ್ ೨೯ರ ಸಂಜೆ, ಔಷಧಿಯ ಲೆಕ್ಕದ ಕೆಳಗೆ, ‘ಅಕ್ಕ, ನಿನ್ನ ದನಿ ಒಡೆದಿದೆ, ಬಿಸಿನೀರು ಕುಡಿ’ ಎಂಬ ಸಾಲೊಂದಿದೆ. ಅದು ಕಚೇರಿಗೆ ಸಂಬಂಧಿಸಿದ್ದಲ್ಲ. ಆದರೂ ಅಂದು ಅದನ್ನು ಗಾಳಿಯಲ್ಲಿ ಹೇಳಲಾಗಿತ್ತು, ಆದ್ದರಿಂದ ಹೊಡೆದುಹಾಕಿಲ್ಲ.’